ವಿಳಾಸ ಸಿಗದವರ ಮನೆ

ತಪ್ಪಮ್ಮ ತನ್ನ ಮೇಜಿನ ಕಡೆಗೇ ಬರುತ್ತಿದ್ದಾಳೆಂದು ಅವನಿಗೆ ತಲೆಯೆತ್ತದೆಯೇ ಗೊತ್ತಾಯಿತು. ಅವಳ ಎಡಗಾಲಿನ ಚಪ್ಪಲಿ ನೆಲವನ್ನು ಉಜ್ಜಿಕೊಂಡು ಬರುತ್ತಿತ್ತು. ಊರವರ ತಪ್ಪನ್ನೆಲ್ಲ ಹುಡುಕುವವಳಿಗೆ ತನ್ನ ಚಪ್ಪಲಿಯ ಪಟ್ಟಿ ಸಡಿಲವಾಗಿರುವುದು ಕಾಣುವುದಿಲ್ಲವಲ್ಲ ಎಂದು ಅವನು ಎಂದಿನಂತೆ ಮನಸ್ಸಿನಲ್ಲೇ ಹೀಯಾಳಿಸಿದ. ಕಂಪನಿಯ ಮನೆ ರಿಪೇರಿ ಆ್ಯಪು ಜನರ ಕೈಗೆ ಹೋಗುವ ಮೊದಲು ಅದರ ಹುಳುಕು ಹುಡುಕುವುದು ಅವಳ ಕೆಲಸ. ತಪ್ಪಮ್ಮ ಎಂದು ಹೆಸರಿಟ್ಟವನು ಅವನೇ. ಒಂದು ದಿನ ಊಟದ ಹೊತ್ತಿಗೆ ಸುಮ್ಮನೆ ಬಾಯಿಂದ ಬಿಟ್ಟಿದ್ದ, ಸಂಜೆಯಾಗುವಷ್ಟರಲ್ಲಿ ಇಡೀ ಮಹಡಿಯ ಬಾಯಲ್ಲಿತ್ತು. ಆದರೆ ಇಟ್ಟವರು ಯಾರೆಂದು ಅವಳಿಗೆ ತಿಳಿದಿಲ್ಲ ಎಂದು ನಂಬಿಕೊಂಡಿದ್ದ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕೂ ಹೀಗೆಯೇ ನಂಬಿಕೊಂಡಿರುತ್ತದೆ. ಅವನಿಗೂ ಒಂದು ಅಡ್ಡಹೆಸರಿತ್ತು, ಮ್ಯಾಪಣ್ಣ. ಅದನ್ನು ಅವನು ಗೌರವವೆಂದೇ ಎಣಿಸಿದ್ದ. ಈ ಕುರಿಮಂದೆಯಲ್ಲಿ ನಕ್ಷೆ ಗೊತ್ತಿರುವವನು ತಾನೊಬ್ಬ, ಮಿಕ್ಕವರೆಲ್ಲ ಪರದೆಯ ಮೇಲಿನ ಗುಂಡಿಗೆ ಬಣ್ಣ ಹಚ್ಚುವವರು, ಅಕ್ಷರದ ಗಾತ್ರಕ್ಕೆ ಜಗಳವಾಡುವವರು, ಚಹಾದ ಯಂತ್ರದ ಮುಂದೆ ನಿಂತು ಭವಿಷ್ಯದ ಮಾತಾಡುವವರು.

“ಬಿಡುವಿದೆಯಾ?”

“ಇಲ್ಲ.”

“ಹಾಗಾದ್ರೆ ಹೀಗೇ ನೋಡಿ,” ಎಂದು ತಪ್ಪಮ್ಮ ಫೋನನ್ನು ಅವನ ಕೀಲಿಮಣೆಯ ಮೇಲೆಯೇ ಇಟ್ಟಳು. “ವಿಳಾಸ ಸಿಗದೋರೆಲ್ಲ ಒಂದೇ ಮನೆಗೆ ಹೋಗ್ತಿದಾರೆ. ನಲ್ಲಿ ರಿಪೇರಿಯೋರು, ಕರೆಂಟಿನೋರು, ಬಡಗಿಗಳು, ಎಲ್ಲ. ಬೇರೆಬೇರೆ ಬಡಾವಣೆಯ ಗಿರಾಕಿಗಳು, ಗುರುತು ಮಾತ್ರ ಇದೇ ಬಾಗಿಲಲ್ಲಿ. ಯಾರ ಮನೆ ಇದು?”

“ನನಗೇನು ಗೊತ್ತು,” ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ತಾನಲ್ಲ ಎಂದು ತೋರಿಸಲು ಕೈಗಳನ್ನು ಮೇಜಿನ ಮೇಲೆ ಚಾಚಿಟ್ಟುಕೊಂಡ. ಪರದೆಯಲ್ಲಿ ಕೆಂಪು ಗುರುತುಗಳು ಒಂದರ ಮೇಲೊಂದು ಬಿದ್ದು ಒಂದೇ ಗುರುತಿನಂತೆ ಕಾಣುತ್ತಿದ್ದವು. ಕೆಳಗೆ ಬೂದುಬಣ್ಣದ ಚೌಕ, ಮನೆ. ಚೌಕದ ಹಿಂದೆ ತೆಳುಗೆರೆ, ಹಿತ್ತಿಲ ಓಣಿ. ಆ ಓಣಿಯ ಕೊನೆಯಲ್ಲಿ ಒಂದು ನೀರಿನ ತೊಟ್ಟಿ ಇದೆ, ಅದರ ಅಂಚಿನಲ್ಲಿ ಕೂತರೆ ಯಾರಿಗೂ ಕಾಣುವುದಿಲ್ಲ, ಪರೀಕ್ಷೆಯಲ್ಲಿ ನಪಾಸಾದ ಹುಡುಗನೊಬ್ಬ ಅಲ್ಲಿ ಹೊತ್ತು ಮುಳುಗುವವರೆಗೂ ಕೂರಬಹುದು. ಅದೆಲ್ಲ ನಕ್ಷೆಯಲ್ಲಿ ಇರಲಿಲ್ಲ, ಇರುವ ಅಗತ್ಯವೂ ಇರಲಿಲ್ಲ.

ಮನೆ ರಿಪೇರಿಯ ಆ್ಯಪಿಗೆ ನಕ್ಷೆ ಹಾಕಬೇಕೆಂದು ಯಜಮಾನನಿಗೆ ಹೊಳೆದದ್ದು ಬೇರೆಯವರ ಆ್ಯಪಿನಲ್ಲಿ ನೋಡಿದ ಮೇಲೆ. ಅವನಿಗೆ ಹೊಳೆಯುವುದೆಲ್ಲ ಹಾಗೆಯೇ. ನಕ್ಷೆ ಎರಡು ಬೆರಳಲ್ಲಿ ತಿರುಗಬೇಕು, ಮುಟ್ಟಿದರೆ ಹಿಗ್ಗಬೇಕು, ಕಟ್ಟಡಗಳು ನೆಲದಿಂದ ಎದ್ದು ನಿಲ್ಲಬೇಕು, ರಿಪೇರಿಯವನು ಬರುತ್ತಿರುವುದು ಪುಟ್ಟ ಸ್ಪ್ಯಾನರಿನ ಚಿತ್ರವಾಗಿ ರಸ್ತೆಯುದ್ದಕ್ಕೂ ಕಾಣಬೇಕು ಎಂದು ಸಭೆಯಲ್ಲಿ ಕೈಯಾಡಿಸಿ ಹೇಳಿದಾಗ ಎಲ್ಲರೂ ತಲೆಯಾಡಿಸಿದ್ದರು. ಯಜಮಾನನ ಪಾಲಿಗೆ ನಕ್ಷೆಯೂ ಒಂದೇ ಬುಗುರಿಯೂ ಒಂದೇ. ಅರ್ಧ ಊರಿನ ವಿಳಾಸಗಳು “ಹಳೇ ಟಾಕೀಸಿನ ಹಿಂದೆ, ನೀಲಿ ಗೇಟು” ಎನ್ನುವಂಥವು, ಅವು ಯಾವ ನಕ್ಷೆಗೂ ಸಿಗುವುದಿಲ್ಲ ಎಂದು ಅವನು ಹೇಳಲು ಹೋದ. “ಅದೆಲ್ಲ ಆಮೇಲೆ ನೋಡಣ ಮ್ಯಾಪಣ್ಣ, ಮೊದಲು ತಿರುಗಲಿ,” ಎಂದಿದ್ದ ಯಜಮಾನ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಅವನು ತಿರುಗಿಸಿದ. ಚೆನ್ನಾಗಿಯೇ ತಿರುಗಿಸಿದ, ಅವನು ಮಾಡಿದ ನಕ್ಷೆ ಬೆಣ್ಣೆಯ ಹಾಗೆ ಜಾರುತ್ತಿತ್ತು, ಅದನ್ನು ಮೆಚ್ಚುವ ಯೋಗ್ಯತೆ ಆ ಕಟ್ಟಡದಲ್ಲಿ ಯಾರಿಗೂ ಇರಲಿಲ್ಲ. ಆದರೆ ಸಿಗದ ವಿಳಾಸಕ್ಕೂ ಒಂದು ಜಾಗ ಕೊಡಲೇಬೇಕು. ಖಾಲಿ ಬಿಟ್ಟರೆ ಆ್ಯಪು ಸತ್ತುಬೀಳುತ್ತದೆ. ಸಿಗದವರನ್ನೆಲ್ಲ ನಿಲ್ಲಿಸಲು ನೆಲದ ಮೇಲೆ ಒಂದು ಬಿಂದು ಬೇಕು, ಅಕ್ಷಾಂಶ, ರೇಖಾಂಶ. ಸದ್ಯಕ್ಕೆ ಯಾವುದಾದರೂ ಹಾಕಿ, ಹೊರಗೆ ಕಳಿಸುವ ದಿನ ಆಫೀಸಿನ ಬಿಂದುವನ್ನು ಹಾಕಿದರಾಯಿತು ಎಂದುಕೊಂಡಿದ್ದ. ಯಾವುದಾದರೂ ಎಂದುಕೊಂಡಾಗ ಅವನ ಬೆರಳು ನಕ್ಷೆಯ ಮೇಲೆ ಊರು ದಾಟಿ, ಕಾಲುವೆ ದಾಟಿ, ಆ ಓಣಿಗೆ ಹೋಗಿ, ಆ ಬೂದು ಚೌಕದ ಮೇಲೆ ನಿಂತಿತ್ತು. ಅಕ್ಕನ ಮನೆ. ಅಕ್ಕನ ಮನೆ ಎಂದು ಅವನು ಯಾವತ್ತೂ ಹೇಳುತ್ತಿರಲಿಲ್ಲ, ಭಾವನ ಮನೆ ಎನ್ನುತ್ತಿದ್ದ.

ಭಾವ ಭೂಗೋಳದ ಮೇಷ್ಟ್ರು. ಅಪ್ಪ ಅಮ್ಮ ಹೋದಮೇಲೆ ಓದಿಗೆಂದು ಅಲ್ಲಿಗೆ ಬಂದ ಹುಡುಗನಿಗೆ ಅಕ್ಕ ಅಟ್ಟದ ಕೋಣೆ ಕೊಟ್ಟಿದ್ದಳು, ಭಾವ ಹೆಸರು ಕೊಟ್ಟಿದ್ದ. ಮೊದಲ ದಿನವೇ ನೆಂಟರ ಎದುರಿಗೆ, “ಎಲ್ಲಿ, ಪೂರ್ವ ಯಾವ ಕಡೆ ತೋರಿಸು ನೋಡಣ,” ಎಂದು ಕೇಳಿದ. ಹೊಸ ಮನೆ, ಹೊಸ ಊರು, ಇಳಿದಿದ್ದು ಬಸ್ಸಿನಿಂದ; ಹುಡುಗ ಅಡುಗೆಮನೆಯ ಕಡೆ ಕೈ ತೋರಿಸಿದ. ನೆಂಟರು ನಕ್ಕರು. “ಪೂರ್ವದಲ್ಲಿ ಸಾರು ಕುದೀತಿದೆ ಅನ್ನಪ್ಪ,” ಎಂದು ಭಾವ ಇನ್ನಷ್ಟು ನಗಿಸಿದ. ಅವತ್ತಿನಿಂದ ಅವನು ದಿಕ್ಕಪ್ಪ. ದಿಕ್ಕಪ್ಪ ಊಟಕ್ಕೆ ಬಾ, ದಿಕ್ಕಪ್ಪನ ಅಂಕಪಟ್ಟಿ ಬಂತು, ದಿಕ್ಕಪ್ಪನಿಗೆ ತಣ್ಣೀರು ಆಗಲ್ಲವಂತೆ, ರಾಜಕುಮಾರರಿಗೆ ಬಿಸಿನೀರು ಕಾಯಿಸಿ. ಅಕ್ಕ ಕಾಯಿಸುತ್ತಿದ್ದಳು; ತಣ್ಣೀರು ತಾಗಿದರೆ ಸಾಕು ಅವನ ಗಂಟಲು ಹಿಡಿದುಕೊಂಡು ಕೆಮ್ಮು ಹತ್ತುತ್ತಿತ್ತು. ಲೋಟ ಕೈಗಿಡುವಾಗ ಅವಳು ಕಣ್ಣಲ್ಲೇ ಸುಮ್ಮನಿರು ಎನ್ನುತ್ತಿದ್ದಳು. ಸುಮ್ಮನಿದ್ದ. ಅಷ್ಟು ವರ್ಷ ಉಂಡ ಅನ್ನಕ್ಕಿಂತ ಅವನಿಗೆ ಚೆನ್ನಾಗಿ ನೆನಪಿರುವುದು ಆ ನಗು, ಮತ್ತು ಭಾವನ ಮಧ್ಯಾಹ್ನದ ನಿದ್ದೆ. ಶಾಲೆಯ ರಜೆಯಲ್ಲಿ, ನಿವೃತ್ತಿಯಾದ ಮೇಲಂತೂ ದಿನವೂ, ಉಂಡು ಮಲಗಿದ ಭಾವನನ್ನು ಯಾರೂ ಎಬ್ಬಿಸುವಂತಿರಲಿಲ್ಲ. ಗೇಟಿಗೆ ಒಂದು ಹಲಗೆ ತೂಗುತ್ತಿತ್ತು, ಮಧ್ಯಾಹ್ನ ಕರೆಗಂಟೆ ಒತ್ತಬಾರದು ಎಂದು, ಭೂಪಟಕ್ಕೆ ಹೆಸರು ಬರೆಯುವ ಅದೇ ದುಂಡು ಅಕ್ಷರದಲ್ಲಿ. ಒಮ್ಮೆ ಮರೆತು ಒತ್ತಿದ್ದಕ್ಕೆ ದಿಕ್ಕಪ್ಪ ಸಂಜೆಯವರೆಗೆ ಗೇಟಿನ ಹೊರಗೆ ನಿಂತಿದ್ದ.

ಆ್ಯಪನ್ನು ಹೊರಗೆ ಕಳಿಸುವ ದಿನ ಆ ಬಿಂದುವನ್ನು ಬರೆದಿದ್ದ ಸಾಲು ಅವನ ಕಣ್ಣಿಗೆ ಬಿದ್ದಿತ್ತು. ಮರೆತಿದ್ದೆ ಎಂದು ಹೇಳುವುದಕ್ಕೆ ಬರುವುದಿಲ್ಲ. ಬಿಂದುವನ್ನು ಬದಲಿಸಲು ಬೆರಳು ಎತ್ತಿದವನು ಗಡಿಯಾರ ನೋಡಿದ, ಮಧ್ಯಾಹ್ನ. ಭಾವ ಈಗ ಮಗ್ಗುಲಾಗುವ ಹೊತ್ತು ಎಂದು ತೋರಿತು. ಗೇಟಿನ ಹಲಗೆ ಕಣ್ಣ ಮುಂದೆ ಬಂತು. ಊರಲ್ಲಿರುವ ದಾರಿತಪ್ಪಿದ ನಲ್ಲಿಯವರೂ ಬಡಗಿಗಳೂ ಒಬ್ಬೊಬ್ಬರಾಗಿ ಬಂದು ಆ ಗಂಟೆ ಒತ್ತುವುದು, ಭಾವ ಪಂಚೆ ಸರಿಮಾಡಿಕೊಳ್ಳುತ್ತ ಎದ್ದು ಬರುವುದು. ಅವನ ತುಟಿಯ ಒಂದು ತುದಿ ಮೇಲೇರಿತು, ಅಷ್ಟೆ. ಕೈ ಕೆಳಗಿಳಿಯಿತು. ಎಷ್ಟು ಸಣ್ಣ ಕೆಲಸ ಎಂದರೆ ಅದನ್ನು ದ್ವೇಷವೆಂದರೆ ದ್ವೇಷಕ್ಕೇ ಅವಮಾನ. ಗೋಡೆಯ ಮೇಲೆ ಕೆಟ್ಟ ಮಾತು ಬರೆದು ಓಡಿಹೋಗುವ ಹುಡುಗನಾದರೂ ಇದಕ್ಕಿಂತ ಧೈರ್ಯವಂತ, ಅವನು ಸೀಮೆಸುಣ್ಣದ ತುಂಡನ್ನಾದರೂ ಕೈಯಲ್ಲಿ ಹಿಡಿದಿರುತ್ತಾನೆ.

ಆಮೇಲೆ ಅಕ್ಕ ಒಮ್ಮೆ ಫೋನ್ ಮಾಡಿದ್ದಳು. ಅವಳು ಮಾಡುತ್ತಲೇ ಇರುತ್ತಾಳೆ. ಬಾರೋ ಎನ್ನುತ್ತಾಳೆ, ಕೆಲಸ ಎನ್ನುತ್ತಾನೆ, ಆಯ್ತು ಎನ್ನುತ್ತಾಳೆ. “ಅದೇನೋ ಆ್ಯಪಂತೆ ಕಣೋ, ಯಾರ್ಯಾರೋ ಬಂದು ಬೆಲ್ ಒತ್ತುತಾರೆ. ನಿಂದೂ ಅದೇ ತರ ಕೆಲ್ಸ ಅಲ್ವಾ?” ಎಂದಳು. “ನಮ್ದು ಬೇರೆ,” ಎಂದ. “ಭಾವಂಗೆ ನಿದ್ದೆ ಇಲ್ವೇನೋ ಪಾಪ,” ಎಂದು ಸೇರಿಸಿದ, ಪಾಪ ಎನ್ನುವುದನ್ನು ಸ್ವಲ್ಪ ಎಳೆದು. “ನಿದ್ದೆನಾ,” ಎಂದು ಅಕ್ಕ ಏನೋ ಹೇಳಲು ಹೊರಟಳು. ಇನ್ನೊಂದು ಕರೆ ಬರುತ್ತಿದೆಯೆಂದು ಇಟ್ಟುಬಿಟ್ಟ. ಬರುತ್ತಿರಲಿಲ್ಲ.

ತಪ್ಪಮ್ಮ ಗುರುತು ತೋರಿಸಿದ ದಿನವೇ ಊಟಕ್ಕೆ ಮುಂಚೆ ಯಜಮಾನನಿಗೂ ವಿಷಯ ಮುಟ್ಟಿತು. “ಮನೆಯೋರು ಪೇಪರಿನೋರ ಹತ್ರ ಹೋದ್ರೆ ನಮ್ಮ ಕಥೆ ಮುಗೀತು,” ಎಂದು ಗಾಜಿನ ಕೋಣೆಯಲ್ಲಿ ಅತ್ತಿಂದಿತ್ತ ತಿರುಗಿದ. “ಇಬ್ಬರೂ ಹೋಗಿ. ಕಾಲಿಗೆ ಬಿದ್ದಾದ್ರೂ ಸರಿ, ಸಮಾಧಾನ ಮಾಡಿ ಬನ್ನಿ. ಮಾಡಿದ್ದು ಯಾರು ಅಂತ ಆಮೇಲೆ ನೋಡ್ತೀನಿ, ಅವನು ನಾಳೆಯಿಂದ ಈ ಮೆಟ್ಟಿಲು ಹತ್ತಲ್ಲ.” ಹೀಗೆ ಹೇಳುವಾಗ ಅವನು ಇಬ್ಬರನ್ನೂ ನೋಡಲಿಲ್ಲ, ಕನ್ನಡಿಯಂತೆ ಹೊಳೆಯುವ ಗಾಜಿನಲ್ಲಿ ತನ್ನನ್ನೇ ನೋಡಿಕೊಂಡ. ತಾನು ಹೋಗುವುದು ಬೇಡ, ಕೆಲಸ ಇದೆ ಎಂದು ಮ್ಯಾಪಣ್ಣ ಬಾಯಿ ತೆರೆಯುವಷ್ಟರಲ್ಲಿ ತಪ್ಪಮ್ಮ, “ಇವರು ಬರಲೇಬೇಕು ಸಾರ್, ನಕ್ಷೆ ವಿಷಯ ನನಗೆ ಹೇಳೋಕೆ ಬರಲ್ಲ,” ಎಂದಳು. ಉಗುಳಲೂ ಆಗದೆ ನುಂಗಲೂ ಆಗದೆ ಅವನು ಚೀಲ ಹೆಗಲಿಗೇರಿಸಿದ.

ಟ್ಯಾಕ್ಸಿಯಲ್ಲಿ ಅವಳು ಕಿಟಕಿಯ ಕಡೆ ಕೂತು ನೀರಿನ ಬಾಟಲಿಯನ್ನು ತೊಡೆಯ ನಡುವೆ ಇಟ್ಟುಕೊಂಡಳು. ಆಫೀಸಿನ ಫ್ರಿಜ್ಜಿನಿಂದ ತಂದದ್ದು, ಮೈಯೆಲ್ಲ ಬೆವರಿತ್ತು. ಬಾಟಲಿಯ ಕೆಳಗೆ ಸೀರೆ ಒದ್ದೆಯಾಗುತ್ತಿರುವುದು ಅವಳಿಗೆ ಕಾಣುತ್ತಿರಲಿಲ್ಲ. ಇದನ್ನೂ ಅವನು ಲೆಕ್ಕಕ್ಕೆ ಹಿಡಿದ. ಇವಳ ಎದುರಿಗೆ ಅಕ್ಕ ಬಾಗಿಲು ತೆಗೆದು, “ಅಯ್ಯೋ ನೀನೇನೋ,” ಎಂದರೆ ಮುಗಿಯಿತು. ಭಾವ “ಬಾರೋ ದಿಕ್ಕಪ್ಪ” ಎಂದರಂತೂ ನಾಳೆ ಹೊತ್ತಿಗೆ ಇಡೀ ಮಹಡಿಯ ಬಾಯಲ್ಲಿ ದಿಕ್ಕಪ್ಪ. ಕೆಲಸ ಹೋಗುವುದಕ್ಕಿಂತ ಆ ಹೆಸರು ಆಫೀಸಿಗೆ ಬರುವುದೇ ಅವನಿಗೆ ಹೆಚ್ಚು ಭಯವಾಗಿತ್ತು, ಇದು ಗೊತ್ತಾದಾಗ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು, ಆದರೆ ಆ ಹೇಸಿಗೆಯನ್ನು ಕೂಡಲೇ ಡ್ರೈವರನ ಮೇಲೆ ತಿರುಗಿಸಿದ. ಡ್ರೈವರ್ ತಿರುವು ಬಂದಾಗಲೆಲ್ಲ ರಸ್ತೆ ಬಿಟ್ಟು ಫೋನು ನೋಡುತ್ತಿದ್ದ. ಹೊಸ ಸೇತುವೆಯ ಮೇಲೆ ಗಾಡಿ ಕಾಲುವೆ ದಾಟಿತು. ಮುಚ್ಚಿದ ಗಿರಣಿಯ ಗೋಡೆ, ಟೈರು ಅಂಗಡಿ, ಹಳದಿ ಬಣ್ಣದ ಶಾಲೆ. ಶಾಲೆಯ ಗೋಡೆಗೆ ಈಗ ಹಸಿರು ಬಳಿದಿದ್ದರು, ಹಳದಿ ಒಳಗಿಂದ ಇಣುಕುತ್ತಿತ್ತು. ಗಾಡಿ ನೇರ ಹೋಗುವುದರಲ್ಲಿತ್ತು.

“ಇಲ್ಲೇ ಎಡಕ್ಕೆ,” ಎಂದ.

ತಪ್ಪಮ್ಮ ಅವನ ಕಡೆ ತಿರುಗಿದಳು. ಫೋನು ಇನ್ನೂ ನೇರ ಹೋಗಲು ಹೇಳುತ್ತಿತ್ತು.

“ಬರೋಕೆ ಮುಂಚೆ ನಕ್ಷೆ ನೋಡ್ಕೊಂಡಿದ್ದೆ,” ಎಂದ. ಅವಳು ಮತ್ತೆ ಕಿಟಕಿಯ ಕಡೆ ತಿರುಗಿದಳು.

ಗೇಟಿನಲ್ಲಿ ಹಲಗೆ ಇರಲಿಲ್ಲ. ಅದು ತೂಗುತ್ತಿದ್ದ ಜಾಗದಲ್ಲಿ ಬಣ್ಣ ಮಾಸದ ಒಂದು ಚೌಕ ಮಾತ್ರ ಉಳಿದಿತ್ತು. ಜಗಲಿಯ ಮೇಲೆ ಒಳಗಿನ ಕುರ್ಚಿಗಳನ್ನೆಲ್ಲ ತಂದು ಹಾಕಿದ್ದರು, ಮೂಲೆಯಲ್ಲಿ ಮುಚ್ಚಳ ಹಾಕಿದ ನೀರಿನ ಕೊಡ, ಬೋರಲು ಹಾಕಿದ ಲೋಟಗಳು. ಫ್ರಿಜ್ಜು ರಿಪೇರಿಯವನೊಬ್ಬ ಸಲಕರಣೆಯ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಕೂತಿದ್ದ. ಅವನ ಎದುರಿಗೆ, ಸಿಮೆಂಟಿನ ನೆಲದ ಮೇಲೆ, ಮಂಡಿಯೂರಿಕೊಂಡು, ಸೀಮೆಸುಣ್ಣದ ಕಡ್ಡಿ ಹಿಡಿದು ಭಾವ ದಾರಿ ಬರೆಯುತ್ತಿದ್ದ. “ಮೊದಲು ಉತ್ತರ,” ಎನ್ನುತ್ತಿದ್ದ. “ಉತ್ತರ ಗುರುತು ಮಾಡದೆ ನಕ್ಷೆ ಬರೆಯೋದು ಅಂದ್ರೆ ತಲೆ ಇಲ್ಲದೆ ಟೋಪಿ ಹೊಲಿಸಿದ ಹಾಗೆ. ಈ ಕಡೆ ಉತ್ತರ. ಈಗ ನಿಮ್ಮ ಗಿರಾಕಿ ಏನಂದ್ರು, ನೀಲಿ ಗೇಟು ಅಂದ್ರಾ?” ಭಾವ ಗಡ್ಡ ನುಣ್ಣಗೆ ಕೆರೆದುಕೊಂಡಿದ್ದ. ಮಧ್ಯಾಹ್ನದ ಆ ಹೊತ್ತಿನಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ, ಶಾಲೆಗೆ ಹೋಗುವವನ ಹಾಗೆ ಜೇಬಿಗೆ ಪೆನ್ನು ಸಿಕ್ಕಿಸಿದ್ದ. ಈ ಮನುಷ್ಯ ಇಷ್ಟು ಕುಗ್ಗಿದ್ದು ಯಾವಾಗ ಎಂದು ಅವನು ಯೋಚಿಸುತ್ತ ನಿಂತ. ಜೊತೆಗೇ ಅವನ ಕಣ್ಣಿಗೆ ಇನ್ನೊಂದು ಬಿತ್ತು, ಭಾವ ಬರೆಯುತ್ತಿದ್ದ ದಾರಿ ಶುದ್ಧ ತಪ್ಪು. ಕಾಲುವೆಯ ಮೇಲೆ ಅಲ್ಲಿ ಸೇತುವೆಯೇ ಇಲ್ಲ. ಒಡೆದುಹಾಕಿ ಎಷ್ಟೋ ಕಾಲವಾಗಿತ್ತು. ಹಳೆಯ ಸಂತೋಷವೊಂದು ಅವನ ಎದೆಯಲ್ಲಿ ಎದ್ದು ಕೂತಿತು.

ಗೇಟಿನ ಸದ್ದಿಗೆ ಭಾವ ತಲೆಯೆತ್ತಿದ. ಕನ್ನಡಕದ ಹಿಂದೆ ಕಣ್ಣು ಮೊದಲು ತಪ್ಪಮ್ಮನನ್ನು, ಆಮೇಲೆ ಅವನನ್ನು ಕಂಡಿತು. ಮುಖ ಅರಳಲು ಶುರುವಾಯಿತು, ಬಾಯಿ ದಿಕ್ಕಪ್ಪನ ಮೊದಲ ಅಕ್ಷರಕ್ಕೆ ಸಿದ್ಧವಾಯಿತು.

“ನಮಸ್ಕಾರ ಸಾರ್,” ಎಂದ ಅವನು, ಜೋರಾಗಿ, ಒಂದೇ ಉಸಿರಿನಲ್ಲಿ. “ನಾವು ಕಂಪನಿಯಿಂದ ಬಂದಿದೀವಿ. ಆ್ಯಪಿನ ಕಂಪನಿ. ನಿಮಗೆ ತುಂಬ ತೊಂದರೆ ಆಗಿದೆ ಅಂತ ಗೊತ್ತಾಯ್ತು.”

ಭಾವನ ಬಾಯಿ ಹಾಗೇ ಇತ್ತು. ಆಮೇಲೆ ಮುಚ್ಚಿತು. ಅವನು ನಿಧಾನವಾಗಿ ಎದ್ದ, ಮಂಡಿಯ ಮೇಲಿನ ಸುಣ್ಣವನ್ನು ಒರೆಸಿಕೊಂಡ, ಕೈಯಲ್ಲಿದ್ದ ಕಡ್ಡಿಯನ್ನು ಕಿಟಕಿಯ ಅಂಚಿಗೆ ಇಟ್ಟ. ಇಡೀ ಜಗತ್ತು ಕಾಯುತ್ತಿರುವಾಗ ಮೇಷ್ಟ್ರುಗಳು ಮಾತ್ರ ಇಷ್ಟು ನಿಧಾನವಾಗಿ ಸುಣ್ಣದ ಕಡ್ಡಿ ಇಡಬಲ್ಲರು.

“ಬನ್ನಿ,” ಎಂದ. “ಕೂತ್ಕೊಳ್ಳಿ. ನೀವೂ ಕೂತ್ಕೊಳ್ಳಿ. ಬಿಸಿಲಲ್ಲಿ ಬಂದಿದೀರಿ.”

ಬನ್ನಿ, ಕೂತ್ಕೊಳ್ಳಿ, ನೀವು. ಆ ಮನೆಯಲ್ಲಿ ಅವನಿಗೆ ಯಾರೂ ಯಾವತ್ತೂ ಬಹುವಚನ ಕೊಟ್ಟಿರಲಿಲ್ಲ. ಬಾರೋ ಹೋಗೋ ಎಂಬುದರಲ್ಲೇ ಬೆಳೆದಿದ್ದ, ಅದನ್ನೇ ಅವಮಾನವೆಂದು ಎದೆಯಲ್ಲಿಟ್ಟುಕೊಂಡು ಹೊರಟುಹೋಗಿದ್ದ. ಈಗ ಸಿಕ್ಕ ಮರ್ಯಾದೆಯನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಕುರ್ಚಿಯ ತುದಿಯಲ್ಲಿ ಕೂತ. ಆ ಕುರ್ಚಿಯ ಒಂದು ಕಾಲು ಗಿಡ್ಡ, ಎಡಕ್ಕೆ ಒರಗಿದರೆ ಕುಲುಕುತ್ತದೆ. ಅವನ ಮೈ ತಾನಾಗಿಯೇ ಬಲಕ್ಕೆ ವಾಲಿತು. ಗೊತ್ತಿಲ್ಲದ ತಪ್ಪಮ್ಮ ತನ್ನ ಕುರ್ಚಿಯಲ್ಲಿ ನೆಟ್ಟಗೆ ಕೂತು, ಕಂಪನಿಯ ಪರವಾಗಿ ಒಪ್ಪವಾಗಿ ಕ್ಷಮೆ ಕೇಳಿದಳು. ವಿಳಾಸ ಸಿಗದವರೆಲ್ಲ ಇಲ್ಲಿಗೆ ಯಾಕೆ ಬರುತ್ತಾರೆಂದು ವಿವರಿಸಿದಳು. ಎಷ್ಟು ಚೆನ್ನಾಗಿ ವಿವರಿಸಿದಳೆಂದರೆ, ನಕ್ಷೆ ವಿಷಯ ಹೇಳೋಕೆ ಬರಲ್ಲ ಎಂದದ್ದು ಇವಳೇನಾ ಎಂದು ಅವನಿಗೆ ಅನುಮಾನವಾಯಿತು. ಫ್ರಿಜ್ಜಿನವನು ನಡುವೆ ಬಾಯಿ ಹಾಕಿ, “ಮೇಷ್ಟ್ರಿಗೆ ತೊಂದರೆ ಏನಿಲ್ಲ ಮೇಡಂ, ನಮಗೂ ಇಲ್ಲ,” ಎಂದ. ಭಾವ ನೀರಿನ ಕೊಡದ ಕಡೆ ಹೋದಾಗ ದನಿ ತಗ್ಗಿಸಿ, “ಇವರು ಹೇಳೋ ದಾರೀನೂ ಸರಿ ಇರಲ್ಲ ಅನ್ನಿ. ಆದ್ರೆ ನೆರಳಿದೆ, ನೀರು ಸಿಗತ್ತೆ, ಮರ್ಯಾದೆಯಾಗಿ ಮಾತಾಡ್ತಾರೆ. ಗಿರಾಕಿಗಳು ಯಾರ್ರೀ ಹಾಗೆ ಮಾತಾಡ್ತಾರೆ? ಪೂರ್ತಿ ಕೇಳ್ಕೊಂಡು ಹೂಂ ಅಂದು, ಮೂಲೆಯಾಚೆ ಹೋಗಿ ಗಿರಾಕಿಗೆ ಫೋನ್ ಹಾಕ್ತೀವಿ,” ಎಂದು ನಕ್ಕ. ತಪ್ಪಮ್ಮನೂ ನಕ್ಕಳು. ಅವಳು ನಗುವುದನ್ನು ಅವನು ನೋಡಿದ್ದು ಅದೇ ಮೊದಲು. ಭಾವನನ್ನು ಈ ಜನ ಸುಮ್ಮನೆ ಸಹಿಸುತ್ತಿದ್ದಾರೆ ಎಂಬುದು ಅವನಿಗೆ ಸಿಹಿಯಾಗಬೇಕಾಗಿತ್ತು. ಈ ದಿನಕ್ಕಾಗಿ ಅಟ್ಟದ ಕೋಣೆಯಲ್ಲಿ ಎಷ್ಟು ಸಲ ಹಲ್ಲು ಕಚ್ಚಿ ಮಲಗಿದ್ದನೋ. ಸಿಹಿಯಾಗಲಿಲ್ಲ.

ಅಕ್ಕ ಒಳಗಿಂದ ಬಂದಳು. ಕೈಯಲ್ಲಿ ತಟ್ಟೆ, ಎರಡು ಲೋಟ. ಮಾತೆಲ್ಲ ಒಳಗೆ ಕೇಳಿಸಿರಬೇಕು, ಯಾಕೆಂದರೆ ಅವಳ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ತಪ್ಪಮ್ಮನಿಗೆ ಒಂದು ಲೋಟ ಕೊಟ್ಟಳು. ಅವನಿಗೆ ಇನ್ನೊಂದನ್ನು ಕೊಡುವಾಗ ಸೆರಗಿನ ತುದಿಯಲ್ಲಿ ಹಿಡಿದು ಕೊಟ್ಟಳು. ತುಟಿಗಿಟ್ಟಾಗ ಗೊತ್ತಾಯಿತು, ಬಿಸಿನೀರು. ಕುಡಿಯುವ ಹದಕ್ಕೆ ಆರಿಸಿದ್ದು. ಅವನು ತಲೆ ತಗ್ಗಿಸಿ ಕುಡಿದ. ಲೋಟದ ಮೇಲಿಂದ ನೋಡಿದರೆ ಅವಳು ಕಣ್ಣಲ್ಲೇ ಸುಮ್ಮನಿರು ಎನ್ನುತ್ತಾಳೇನೋ ಎಂಬ ಭಯಕ್ಕೆ ನೋಡಲಿಲ್ಲ.

“ಗುರುತು ತೆಗೀತೀರಾ?” ಎಂದು ಅಕ್ಕ ತಪ್ಪಮ್ಮನನ್ನು ಕೇಳಿದಳು.

“ತೆಗೀಲೇಬೇಕಮ್ಮ, ತಪ್ಪಾಗಿ ಬಿದ್ದಿರೋದು.”

“ತೆಗೆದ್ಮೇಲೆ ಯಾರೂ ಬರಲ್ವಾ?”

ತಪ್ಪಮ್ಮ ಅವನ ಕಡೆ ಕೈ ತೋರಿಸಿದಳು. “ಅದನ್ನ ಇವರು ಹೇಳ್ತಾರೆ. ನಕ್ಷೆ ಇವರದು.”

ಅಕ್ಕ ಅವನ ಕಡೆ ತಿರುಗಿದಳು. ಕೂದಲು ಬೈತಲೆಯ ಬಳಿ ತೀರ ತೆಳ್ಳಗಾಗಿತ್ತು. ಬೆರಳಿಗೆ ಎಲ್ಲೋ ಸುಟ್ಟ ಗಾಯ. ಅವಳನ್ನು ಕರೆಯಲು ಈಗ ಬೇಕಾಗಿದ್ದದ್ದು ಒಂದೇ ಒಂದು ಶಬ್ದ, ಅದು ಎರಡಕ್ಷರದ್ದು, ಮಾತು ಬರುವ ಮಗುವೂ ಹೇಳುವಂಥದ್ದು. ಆ ಶಬ್ದ ಅವನ ನಾಲಿಗೆಯ ತುದಿಗೆ ಬಂದು ಅಲ್ಲಿ ಕೂತಿದ್ದ ಕಂಪನಿಯ ನೌಕರನನ್ನು ಕಂಡು ಹಿಂದೆ ಸರಿಯಿತು.

“ಇಲ್ಲ ಮೇಡಂ,” ಎಂದ. “ಇನ್ನು ಯಾರೂ ಬರಲ್ಲ. ನೀವು ನೆಮ್ಮದಿಯಾಗಿರಬಹುದು.”

“ಆಯ್ತು,” ಎಂದಳು ಅಕ್ಕ, ಫೋನಿನಲ್ಲಿ ಹೇಳುವ ಹಾಗೆಯೇ. ಖಾಲಿ ಲೋಟಕ್ಕಾಗಿ ಕೈ ಚಾಚಿದಳು.

ಭಾವ ನೆಲದ ನಕ್ಷೆಯನ್ನು ನೋಡುತ್ತ ನಿಂತಿದ್ದ. “ತಪ್ಪು ಅಂತ ಗೊತ್ತಾದ್ಮೇಲೆ ತಿದ್ದಲೇಬೇಕು, ಅದು ಸರಿ,” ಎಂದ. “ಮಾಡಿದ್ದು ಯಾರು ಅಂತ ಗೊತ್ತಾಯ್ತಾ?”

“ಇನ್ನೂ ಹುಡುಕ್ತಿದೀವಿ ಸಾರ್. ನಮ್ಮ ಯಜಮಾನರು ಕೆಲಸದಿಂದ ತೆಗೀತೀನಿ ಅಂತಿದಾರೆ,” ಎಂದಳು ತಪ್ಪಮ್ಮ.

“ಬೇಡ, ಹಾಗೆಲ್ಲ ಮಾಡಬೇಡಿ ಅಂತ ಹೇಳಿ.” ಭಾವ ತಪ್ಪಮ್ಮನಿಗೇ ಹೇಳುತ್ತಿದ್ದ, ಅವನ ಕಡೆ ಅಪ್ಪಿತಪ್ಪಿಯೂ ನೋಡಲಿಲ್ಲ. “ಎಲ್ಲಾದ್ರೂ ಒಂದು ಕಡೆ ಗುರುತು ಹಾಕಲೇಬೇಕಲ್ಲ. ಪಾಪ, ಗೊತ್ತಿರೋ ಮನೆಗೆ ಹಾಕಿರ್ತಾನೆ.”

ಗೇಟಿನವರೆಗೂ ಭಾವ ಬಂದ, ಎಲ್ಲ ದಾರಿತಪ್ಪಿದವರನ್ನೂ ಕಳಿಸಿಕೊಡುವ ಹಾಗೆ. ಕೈಯೆತ್ತಿ ದಾರಿ ಹೇಳಿದ. ಶಾಲೆ ಬಂದಮೇಲೆ ನೇರ, ಆಮೇಲೆ ಹಳೇ ಸೇತುವೆ. ಇಲ್ಲದ ಸೇತುವೆ. ಅವನು “ಸರಿ ಸಾರ್” ಎಂದ. ಜಗಲಿ ಇಳಿಯುವಾಗ ನೆಲದ ಮೇಲಿನ ಸುಣ್ಣದ ಗೆರೆಯನ್ನು ತುಳಿಯದೆ ದಾಟಲು ಹೋಗಿ ಉತ್ತರದ ಬಾಣವನ್ನು ತುಳಿದಿದ್ದ, ಅದು ಅವನಿಗೆ ಗೊತ್ತಾದದ್ದು ಟ್ಯಾಕ್ಸಿಯಲ್ಲಿ ಕೂತ ಮೇಲೆ, ಬೂಟಿನ ತುದಿಯ ಬಿಳಿ ಕಂಡಾಗ.

ಗಾಡಿ ಹಸಿರು ಶಾಲೆಯನ್ನು ದಾಟಿತು. ಮುದುಕ ಚೆನ್ನಾಗಿ ನಾಟಕ ಆಡಿದ ಎಂದುಕೊಳ್ಳಲು ನೋಡಿದ. ನನ್ನನ್ನು ಜನರ ಮುಂದೆ ಸಣ್ಣವನನ್ನಾಗಿ ಮಾಡುವ ಅಭ್ಯಾಸ ಇನ್ನೂ ಹೋಗಿಲ್ಲ, ಈ ಸಲ ಒಳ್ಳೆಯತನದಲ್ಲಿ ಮಾಡಿದ, ಅಷ್ಟೇ ವ್ಯತ್ಯಾಸ. ಹೀಗೆ ಅಂದುಕೊಂಡರೆ ಎಂದಿನ ತಾತ್ಸಾರ ಬಂದು ಕೈ ಹಿಡಿಯಬೇಕಾಗಿತ್ತು. ಅದು ಬರಲಿಲ್ಲ, ಕಣ್ಣ ಮುಂದೆ ಬಂದದ್ದು ಗುರುತು ತೆಗೆದ ಮಾರನೆಯ ಮಧ್ಯಾಹ್ನದ ಚಿತ್ರ. ಗಡ್ಡ ಕೆರೆದುಕೊಂಡು, ಅಂಗಿ ತೊಟ್ಟುಕೊಂಡು, ಸುಣ್ಣದ ಕಡ್ಡಿ ಹಿಡಿದು ಭಾವ ಕುರ್ಚಿಯಲ್ಲಿ ಕೂತಿರುತ್ತಾನೆ, ಅಕ್ಕ ಕೊಡ ತುಂಬಿಸಿಡುತ್ತಾಳೆ, ಗಂಟೆ ಹೊಡೆಯುವುದಿಲ್ಲ. ಎರಡನೆಯ ದಿನವೂ ಹೊಡೆಯುವುದಿಲ್ಲ. ಆಮೇಲೆ ಕುರ್ಚಿಗಳು ಒಂದೊಂದಾಗಿ ಒಳಗೆ ಹೋಗುತ್ತವೆ. ಅದನ್ನು ಮಾಡುವ ಬೆರಳು ಅವನದೇ, ಇವತ್ತು ಸಂಜೆ, ಒಂದು ಸಾಲು ಬದಲಿಸಿದರೆ ಆಯಿತು. ಬದಲಿಸದೆ ಬಿಟ್ಟರೆ ಸಿಕ್ಕಿಬೀಳುತ್ತಾನೆ. ಗಂಟೆ ಒತ್ತಲು ತಾನೇ ಹೋಗಬಹುದಲ್ಲ ಎಂಬುದು ಎಲ್ಲಕ್ಕಿಂತ ಕೊನೆಗೆ ಹೊಳೆಯಿತು, ಹೊಳೆದದ್ದಕ್ಕೇ ನಾಚಿಕೆಯಾಗಿ ಕಿಟಕಿಯ ಗಾಜು ಇಳಿಸಿದ.

“ನಿಮಗೆ ಮಾತ್ರ ಬಿಸಿನೀರು ಕೊಟ್ರು,” ಎಂದಳು ತಪ್ಪಮ್ಮ. ಹೊರಗೆ ನೋಡುತ್ತಲೇ ಹೇಳಿದಳು.

“ಹೌದಾ? ಕೆಮ್ಮಿದ್ದೆನಲ್ಲ, ಅದಕ್ಕಿರಬೇಕು.”

“ನೀವು ಕೆಮ್ಮಲಿಲ್ಲ.”

ಟೈರು ಅಂಗಡಿ ಹೋಯಿತು. ಗಿರಣಿಯ ಗೋಡೆ ಶುರುವಾಯಿತು, ಉದ್ದಕ್ಕೂ ಇತ್ತು.

“ಆ ಸಾಲು ಬರೆದಿದ್ದು ನೀವು ಅಂತ ನನಗೆ ಮೊದಲೇ ಗೊತ್ತಿತ್ತು,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಗೆದ್ದ ಸಂತೋಷವೂ ಇರಲಿಲ್ಲ. “ಹೆಸರಿಡೋದು, ಗುರುತಿಡೋದು, ಯಾರು ಮಾಡ್ತಾರೆ ಅಂತ ಗೊತ್ತಾಗಲ್ವಾ. ಮನೆ ಯಾರದು ಅಂತ ಮಾತ್ರ ಗೊತ್ತಿರಲಿಲ್ಲ. ಅದಕ್ಕೇ ಕರ್ಕೊಂಡು ಬಂದೆ.”

ಅವನು ಕೆಮ್ಮಿದ. ಹೊತ್ತು ಮೀರಿದ ಮೇಲೆ, ಸಾಕ್ಷಿಗೆಂದು, ಬೇಕೆಂದೇ ಕೆಮ್ಮಿದ. ಅದು ಎಷ್ಟು ಸುಳ್ಳಾಗಿ ಕೇಳಿಸಿತೆಂದರೆ ಡ್ರೈವರ್ ಕೂಡ ಕನ್ನಡಿಯಲ್ಲಿ ನೋಡಿದ. ಸರಿಮಾಡಲು ಇನ್ನೊಂದು ಸಲ ಕೆಮ್ಮಿದ, ಅಷ್ಟರಲ್ಲಿ ಗಂಟಲಿನೊಳಗೆ ನಿಜವಾಗಿಯೇ ಏನೋ ಹಿಡಿದುಕೊಂಡಿತು. ಬಿಡಲಿಲ್ಲ. ಮುಂದಿನ ಸೀಟಿಗೆ ಹಣೆ ಆನಿಸಿ ಕೆಮ್ಮಿದ, ಕಣ್ಣಲ್ಲಿ ನೀರು ಬಂತು, ಅದು ಕೆಮ್ಮಿನದೇ ಎಂದು ಹೇಳಲು ಉಸಿರು ಸಾಲಲಿಲ್ಲ. ತಪ್ಪಮ್ಮ ಬಾಟಲಿಯ ಮುಚ್ಚಳ ತಿರುಗಿಸಿ ಅವನ ಕೈಗಿಟ್ಟಳು. ಒಳ್ಳೆಯ ಮನಸ್ಸಿನಿಂದಲೇ ಇಟ್ಟಳು, ಅವಳಿಗೇನು ಗೊತ್ತು. ಅವನು ಕುಡಿದ. ನೀರು ತಣ್ಣಗಿತ್ತು.